ಬೇಗ ಬಿದ್ದ ಬೀಗ

ಪ್ಲಮ್ ಹಣ್ಣು ಮಾಗಿ ಉದುರುವ ಕಾಲ. ಮೊರಾವಿಯಾದ ಆ ಹಳ್ಳಿಯ ಅಂಗಳಗಳಲ್ಲಿ ಬೆಳಗಿನಿಂದಲೇ ಒಲೆಗಳು ಹೊತ್ತಿದ್ದವು. ಲುಡ್ಮಿಲಾಳ ತಾಯಿ ತಾಮ್ರದ ಕಡಾಯಿಯಲ್ಲಿ ಹಣ್ಣಿನ ಪಾಕ ತಿರುವುತ್ತಿದ್ದಳು. ಲುಡ್ಮಿಲಾ ಪಕ್ಕದ ಮರದ ಕೆಳಗೆ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಂಪನಿಯಲ್ಲಿ ಪರೀಕ್ಷೆಗಿಟ್ಟ ಕಂಪ್ಯೂಟರ್ ಯಂತ್ರ ಮತ್ತೆ ಸ್ತಬ್ಧವಾದದ್ದನ್ನು ನೋಡುತ್ತಿದ್ದಳು.

ಹೈನೆಕ್ ಸೈಕಲ್ಲನ್ನು ಬೇಲಿಗೆ ಒರಗಿಸಿ ಬಂದ. ಇಬ್ಬರೂ ಒಂದೇ ಕಂಪನಿಯಲ್ಲಿ ಕರ್ನಲ್, ಎಂದರೆ ಕಂಪ್ಯೂಟರಿನ ಬುಡದಲ್ಲಿದ್ದು ಉಳಿದೆಲ್ಲವನ್ನೂ ನಡೆಸುವ ತಂತ್ರಾಂಶ, ಬರೆಯುವವರು. ಆ ಬುಡಕ್ಕೇ ಕಳ್ಳರು ನುಗ್ಗದಂತೆ ಕಾವಲು ಕಟ್ಟುವುದು ಕೆಲಸ. ಅವನ ಕಾವಲು ಒಳಗೆ ಬರುವ ಪ್ರೋಗ್ರಾಮಿನ ಪ್ರತಿ ತುಣುಕಿಗೂ ಹೊಸ ಗುರುತು ಬರೆಯುತ್ತಿತ್ತು. ಅವಳದು ಆಮೇಲೆ ಅದನ್ನು ಯಾರೂ ತಿದ್ದದಂತೆ ಬೀಗ ಹಾಕುತ್ತಿತ್ತು. ಯಂತ್ರಗಳು ಇದ್ದಕ್ಕಿದ್ದಂತೆ ಸ್ತಬ್ಧವಾಗಿ ಬೀಳತೊಡಗಿದಾಗ, ಜಗತ್ತಿನ ಕರ್ನಲ್ ಬರೆಯುವವರೆಲ್ಲ ಓದುವ ಮೇಲಿಂಗ್ ಲಿಸ್ಟಿಗೆ ಲುಡ್ಮಿಲಾ, 'ಹೈನೆಕ್‌ನದು ಅವಸರದ ಕೆಲಸ, ಕಿತ್ತುಹಾಕಿ' ಎಂದು ಬರೆದಿದ್ದಳು. ಇವತ್ತು ಸಂಜೆಗೆ ಅದನ್ನು ಕಿತ್ತುಹಾಕುವವರಿದ್ದರು. ಅವನ ವರ್ಷಗಟ್ಟಲೆಯ ದುಡಿಮೆ.

"ನನ್ನದನ್ನಷ್ಟೇ ಓಡಿಸಿದ್ರೆ ಏನೂ ಬೀಳಲ್ಲ ಕಣೇ," ಎಂದ, ಕೂರದೆಯೇ.

"ನನ್ನದನ್ನಷ್ಟೇ ಓಡಿಸಿದ್ರೂ ಬೀಳಲ್ಲ."

"ಪರೀಕ್ಷೆ ಮಾಡುವಾಗ ನಿಂದನ್ನ ಆಫ್ ಮಾಡಿರ್ತೀನಿ, ಗೊಂದಲ ಬೇಡ ಅಂತ."

ಲುಡ್ಮಿಲಾ ತಲೆಯೆತ್ತಿದಳು. "ನಾನೂ ನಿಂದನ್ನ ಆಫ್ ಮಾಡಿರ್ತೀನಿ."

ತಾಯಿ ನಕ್ಕುಬಿಟ್ಟಳು. "ಭಲೇ! ಒಬ್ಬರನ್ನ ಆಚೆ ಕಳಿಸಿ ಇನ್ನೊಬ್ಬರು, ಮನೇಲಿ ಜಗಳಾನೇ ಇಲ್ಲ ಅಂತೀರ!"

ಎರಡನ್ನೂ ಒಟ್ಟಿಗೆ ಓಡಿಸಿದರು. ಯಂತ್ರ ಬಿತ್ತು. ಅದು ಸಾಯುವ ಮುನ್ನ ಉಗುಳಿದ ಸಾಲುಗಳನ್ನು ಒಂದೊಂದಾಗಿ ಹಿಂದಕ್ಕೆ ಓದುತ್ತ ಹೋದರು. ಹೈನೆಕ್‌ನ ಕಾವಲು ಇನ್ನೂ ಗುರುತು ಬರೆಯುತ್ತಿರುವಾಗಲೇ ಅವಳ ಬೀಗ ಬಿದ್ದುಬಿಟ್ಟಿತ್ತು; ಬಾಗಿಲ ಸಂದಿನಲ್ಲಿ ಬೆರಳು ಸಿಕ್ಕಿದ ಹಾಗೆ. ಯಂತ್ರ ಬೇಗ ಶುರುವಾಗಲೆಂದು ಬೀಗವನ್ನು ಮುಂಚಿತವಾಗಿ ಹಾಕಿಸಿದ್ದವಳು ಅವಳೇ.

"ಕ್ಷಮಿಸು ಹೈನೆಕ್," ಎಂದಳು.

"ಮರದ ಕೆಳಗೆ ಹೇಳಿದ್ರೆ ಯಾರಿಗೆ ಕೇಳ್ಸತ್ತೆ? ಬೈದದ್ದನ್ನ ಊರೆಲ್ಲ ಓದಿದೆ."

ತಿದ್ದುಪಡಿ ಕಳಿಸುವವರು ಯಾವ ಕೆಲಸದ ತಪ್ಪನ್ನು ತಿದ್ದುತ್ತಿದ್ದೇವೆಂದು ಅದರ ಕೆಳಗೊಂದು ಸಾಲು ಬರೆಯುವುದು ಅವರ ಪದ್ಧತಿ. ಕಳಿಸಿದ ಮೇಲೆ ಆ ಸಾಲನ್ನು ಅಳಿಸಲಾಗದು. ಗುರುತು ಬರೆದು ಮುಗಿಯುವವರೆಗೆ ಬೀಗವನ್ನು ತಡೆಹಿಡಿಯುವ ತಿದ್ದುಪಡಿ ಬರೆದು ಮುಗಿಸಿದ ಲುಡ್ಮಿಲಾ, ಕೆಳಗೆ 'ಎರಡೂ ಕಾವಲುಗಳ ತಿಕ್ಕಾಟ' ಎಂದಷ್ಟೇ ಬರೆದಳು. ಹೈನೆಕ್ ಹಿಂದೆ ನಿಂತು ಅದನ್ನು ಓದಿದ. ಹೋಗಿ ತಾಯಿಯ ಕೈಯಿಂದ ಮರದ ಹುಟ್ಟು ತೆಗೆದುಕೊಂಡು ಪಾಕ ತಿರುವತೊಡಗಿದ.

ಲುಡ್ಮಿಲಾ ಬಹಳ ಹೊತ್ತು ಆ ಸಾಲನ್ನೇ ನೋಡಿದಳು. ಅಳಿಸಿದಳು. ತಪ್ಪಿದ್ದದ್ದು ಇದರಲ್ಲೇ ಎಂದು ತನ್ನ ಕೆಲಸದ ಹೆಸರು ಹಾಕಿ, 'ಅವಸರ ಹೈನೆಕ್‌ನದಲ್ಲ, ನನ್ನದು. ಅವನದನ್ನು ಕೀಳಬೇಡಿ' ಎಂದು ಸೇರಿಸಿ ಲಿಸ್ಟಿಗೆ ಕಳಿಸಿದಳು.

ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

"ತೆಗೆದು ನೋಡಬಾರದೇನೋ," ಎಂದಳು ತಾಯಿ.

"ಕೈ ಬಿಟ್ರೆ ತಳ ಹಿಡಿಯತ್ತಲ್ಲಮ್ಮ."

ಲುಡ್ಮಿಲಾ ಎದ್ದು ಬಂದು ಹುಟ್ಟಿನ ಇನ್ನೊಂದು ಮಗ್ಗುಲು ಹಿಡಿದಳು. ಒಂದೆರಡು ಸುತ್ತು ಇಬ್ಬರೂ ಒಟ್ಟಿಗೆ ತಿರುವಿದರು. ಆಮೇಲೆ ಹೈನೆಕ್ ಒಂದು ಕೈ ಬಿಟ್ಟು, ಪ್ಯಾಂಟಿಗೆ ಒರೆಸಿಕೊಂಡು, ಫೋನಿದ್ದ ಜೇಬಿಗೆ ಹಾಕಿದ.