ಕಂಡಕ್ಟರ್ ನೀರು ಕೇಳಲಿಲ್ಲ

ನೀರು ಕುಡಿದಷ್ಟು ಸುಲಭ ಎಂದು ಯಾರಾದರೂ ಹೇಳಿದರೆ ದರ್ಜಿಯಮ್ಮನಿಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳುವವರು ಒಂದು ವಾರ ತನ್ನ ಗಂಡನ ಜೊತೆ ಏಗಿ ನೋಡಲಿ, ಅವನ ಗಂಟಲಿಗೆ ಒಂದೇ ಒಂದು ಲೋಟ ನೀರು ಇಳಿಸಿ ತೋರಿಸಲಿ, ಆಮೇಲೆ ಮಾತಾಡಲಿ ಎನ್ನುವುದು ಅವಳ ವಾದ.

ಗಂಡ ದೂರದ ಊರಿಗೆ ಹೋಗುವ ಬಸ್ಸಿನ ಡ್ರೈವರ್. ಆರು ಗಂಟೆಯ ದಾರಿ, ನಡುವೆ ಒಂದೇ ನಿಲುಗಡೆ, ಅದೂ ಹದಿನೈದು ನಿಮಿಷ. ಬೇರೆಲ್ಲಾದರೂ ಗಾಡಿ ನಿಲ್ಲಿಸಿ ಮರದ ಮರೆಗೆ ಹೋದರೆ ಹಿಂದೆ ಕೂತ ಐವತ್ತು ಜನ ಗೊಣಗುತ್ತಾರೆ, ಡಿಪೋದವರು ಯಾಕೆ ತಡ ಎಂದು ಕೇಳುತ್ತಾರೆ. ಹಾಗಾಗಿ ಹದಿನಾಲ್ಕು ವರ್ಷಗಳಿಂದ ಅವನದೊಂದು ಪದ್ಧತಿ. ಬೆಳಿಗ್ಗೆ ಅರ್ಧ ಲೋಟ ಚಹಾ. ಆಮೇಲೆ ಬಾಯಾರಿದರೆ ನೀರನ್ನು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಕಿಟಕಿಯಾಚೆ ಉಗುಳುವುದು. ಒಂದು ಹನಿಯನ್ನೂ ನುಂಗುವುದಿಲ್ಲ. ಇದನ್ನು ಅವನು ದೊಡ್ಡ ಸಾಧನೆ ಎಂದುಕೊಂಡಿದ್ದ, ಹೊಸ ಡ್ರೈವರ್‌ಗಳಿಗೂ ಹೇಳಿಕೊಡುತ್ತಿದ್ದ.

ಹೋದ ವರ್ಷ ಮೂತ್ರಪಿಂಡದಲ್ಲಿ ಕಲ್ಲಾಗಿ, ಸೊಂಟ ಹಿಡಿದುಕೊಂಡು ನೆಲದ ಮೇಲೆಲ್ಲ ಉರುಳಾಡಿದ. ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನವೂ ಹೊಟ್ಟೆ ತುಂಬ ನೀರು ಕುಡಿ ಎಂದರು. ಮಾತ್ರೆಯನ್ನು ಗಡಿಯಾರ ನೋಡಿಕೊಂಡು ನುಂಗಿದ. ನೀರಿನ ಮಾತನ್ನು ಮಾತ್ರ, ಡಾಕ್ಟರು ಸುಮ್ಮನೆ ಬಾಯಿಮಾತಿಗೆ ಹೇಳಿದ್ದು ಎಂದು ಬಿಟ್ಟುಬಿಟ್ಟ. ಹೆಂಡತಿ ಹೇಳಿ ಹೇಳಿ ಸೋತಳು. ಬೆಳಿಗ್ಗೆ ಎದ್ದು ಮೊದಲು ಇಂಜಿನ್ನಿಗೆ ನೀರು ಹಾಕುತ್ತೀರಲ್ಲ, ನಿಮ್ಮ ಹೊಟ್ಟೆ ಏನು ಪಾಪ ಮಾಡಿದೆ ಎಂದು ಕೇಳಿದರೆ, ಇಂಜಿನ್ನು ಶೌಚಾಲಯ ಎಲ್ಲಿ ಅಂತ ಕೇಳುವುದಿಲ್ಲ ಎಂದು ನಗುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಮುಂದೆ ಏನು ಹೇಳಿದರೇನು. ಅವಳು ತಿರುಗಿ ಹೊಲಿಗೆ ಯಂತ್ರದ ಪೆಡಲು ತುಳಿಯುತ್ತಿದ್ದಳು.

ಹೀಗಿರುವಾಗ ಹತ್ತು ವರ್ಷ ಒಂದೂ ಅಪಘಾತ ಮಾಡದ ಡ್ರೈವರ್ ಎಂದು ಡಿಪೋದಲ್ಲಿ ಅವನಿಗೆ ಬಹುಮಾನ ಬಂತು. ಆಟದ ಪಾರ್ಕಿಗೆ ಮೂರು ಟಿಕೆಟ್. ಅವರಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷ. ಎದ್ದಾಗಿನಿಂದ ಮಲಗುವವರೆಗೆ ಪಟಪಟ ಮಾತಾಡುವುದರಿಂದ ಬೀದಿಯವರೆಲ್ಲ ಅವಳನ್ನು ಪಟಾಕಿ ಎಂದೇ ಕರೆಯುತ್ತಾರೆ. ಟಿಕೆಟ್ ಬಂದ ದಿನದಿಂದ ಪಟಾಕಿಯದು ಒಂದೇ ಜಪ, ರೋಲರ್ ಕೋಸ್ಟರ್. ತಲೆಕೆಳಗಾಗಿ ತಿರುಗುವ ಆ ರೈಲಿನಲ್ಲಿ ಮುಂದಿನ ಸೀಟಿನಲ್ಲೇ ಕೂರಬೇಕು, ಅಪ್ಪನ ಥರ.

ಅಪ್ಪ ಪಾರ್ಕಿಗೂ ಟ್ರಿಪ್ ಶೀಟ್ ಬರೆದ. ಹಾಸ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಡಿಪೋದ ಹಳೆಯ ಹಾಳೆಯ ಹಿಂದೆ ಗೆರೆ ಎಳೆದು ಬರೆದ. ಹತ್ತಕ್ಕೆ ಗೇಟು, ಹತ್ತೂಕಾಲಿಗೆ ಜೈಂಟ್ ವೀಲ್, ಹೀಗೆ ಹದಿಮೂರು ಆಟ. ಪ್ರತಿ ಆಟದ ಮುಂದೆ ಗುರುತು ಹಾಕಲು ಒಂದು ಚೌಕ. ಊಟ ಮತ್ತು ಶೌಚಾಲಯ, ಮಧ್ಯಾಹ್ನ ಎರಡೂವರೆಗೆ, ಒಂದೇ ಸಲ. ಹಾಳೆಯನ್ನೂ ಪೆನ್ಸಿಲನ್ನೂ ಮಗಳ ಕೈಗೆ ಕೊಟ್ಟು, ಇವತ್ತು ನೀನೇ ಕಂಡಕ್ಟರ್ ಎಂದ.

"ಕಂಡಕ್ಟರ್ ಆದವಳು ಮಧ್ಯದಲ್ಲಿ ಗಾಡಿ ನಿಲ್ಲಿಸಿ ಅನ್ನಬಾರದು. ಗೊತ್ತಾಯ್ತಾ?"

ಪಟಾಕಿ ಸೆಟೆದು ನಿಂತು ಸಲ್ಯೂಟ್ ಹೊಡೆದಳು. ಆಗ ಎಲ್ಲರೂ ನಕ್ಕರು. ದರ್ಜಿಯಮ್ಮನೂ ನಕ್ಕಳು, ಆ ನಗು ನೆನೆದರೆ ಅವಳಿಗೆ ಈಗಲೂ ತನ್ನ ಮೇಲೇ ಸಿಟ್ಟು ಬರುತ್ತದೆ.

ಅವಳು ದೊಡ್ಡ ದೊಡ್ಡ ಮೂರು ಬಾಟಲಿಗಳಲ್ಲಿ ನೀರು ತುಂಬಿ ಚೀಲಕ್ಕೆ ಹಾಕಿದ್ದಳು. ಗೇಟಿನ ಒಳಗೆ ಹೋದ ಕೂಡಲೇ ಗಂಡ ಆ ಚೀಲವನ್ನು ಲಗೇಜು ಎಂದು ಕರೆದು, ಲಾಕರಿನಲ್ಲಿಟ್ಟು ಬೀಗ ಹಾಕಿದ. ಭಾರ ಹೊತ್ತುಕೊಂಡು ಓಡುವುದಕ್ಕಾಗುತ್ತಾ, ಕುಡಿದರೆ ಶೌಚಾಲಯದ ಕ್ಯೂ, ಆ ಕ್ಯೂನಲ್ಲಿ ಒಂದು ಆಟ ಹೋಯಿತು ಅಂತ ಅವನ ಲೆಕ್ಕ. ಅವಳು ಜಗಳಕ್ಕೆ ನಿಲ್ಲಬಹುದಿತ್ತು. ಹಬ್ಬದಂಥ ದಿನ ಬೆಳಿಗ್ಗೆಯೇ ಯಾಕೆ ರಂಪ, ಹಾಳಾಗಿ ಹೋಗಲಿ ಎಂದು ಸುಮ್ಮನಾದಳು. ಕೈಚೀಲದಲ್ಲಿ ಒಂದು ಪುಟ್ಟ ಬಾಟಲಿ ಉಳಿದಿತ್ತು, ಅಷ್ಟೇ.

ಹನ್ನೊಂದಕ್ಕೆಲ್ಲ ಬಿಸಿಲು ನೆತ್ತಿ ಸುಡತೊಡಗಿತು. ನೆಲಕ್ಕೆ ಹಾಸಿದ ಸಿಮೆಂಟು ಚಪ್ಪಲಿಯೊಳಗೂ ಕಾಯುತ್ತಿತ್ತು. ಮೂರು ಆಟಕ್ಕೊಂದರಂತೆ ಕುಡಿಯುವ ನೀರಿನ ನಲ್ಲಿಗಳಿದ್ದವು, ತಣ್ಣಗಿನ ನೀರು, ಪುಕ್ಕಟೆ. ಪ್ರತಿ ನಲ್ಲಿಯ ಮುಂದೆಯೂ ಗಂಡ, ತನ್ನ ಪಟ್ಟಿಯಲ್ಲಿಲ್ಲದ ನಿಲ್ದಾಣ ದಾಟುವ ಹಾಗೆ, ಅತ್ತ ಕಣ್ಣೂ ಹಾಯಿಸದೆ ದಾಟಿದ. ಅವಳು ಪುಟ್ಟ ಬಾಟಲಿ ತೆಗೆದು ಮಗಳಿಗೆ ಕೊಟ್ಟಳು. ಪಟಾಕಿ ನೀರನ್ನು ಬಾಯಿಗೆ ಹಾಕಿಕೊಂಡಳು, ಮುಕ್ಕಳಿಸಿದಳು, ಗಿಡದ ಬುಡಕ್ಕೆ ಉಗಿದಳು. ಥೇಟ್ ಅಪ್ಪನೇ.

"ಕುಡಿಯೇ, ನುಂಗೇ."

"ಡ್ಯೂಟೀಲಿದೀನಮ್ಮ."

ಅಪ್ಪ ಹೆಮ್ಮೆಯಿಂದ ಮಗಳ ಬೆನ್ನು ತಟ್ಟಿದ. ದರ್ಜಿಯಮ್ಮನಿಗೆ ಇಬ್ಬರ ತಲೆಗೂ ಆ ಬಾಟಲಿಯಿಂದಲೇ ಒಂದೊಂದು ಕುಟ್ಟೋಣ ಎನ್ನಿಸಿತು. ಬಿಸಿಲಿಗೆ ಬೆವರು ಸುರಿಯುತ್ತಿದೆ, ಒಳಗಿನ ನೀರೆಲ್ಲ ಹೊರಗೆ ಹೋಗುತ್ತಿದೆ, ಹೊರಗಿನದು ಒಳಗೆ ಹೋಗುತ್ತಿಲ್ಲ ಎಂದು ಅವಳು ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಒಂದೂವರೆಗೆ ರೋಲರ್ ಕೋಸ್ಟರಿನ ಸಾಲಿಗೆ ಬಂದರು. ಕಬ್ಬಿಣದ ಸರಪಳಿಗಳ ನಡುವೆ ಹಾವಿನಂತೆ ಸುತ್ತಿದ ಸಾಲು, ಮೇಲೆ ನೆರಳಿಲ್ಲ. ಅರ್ಧ ಗಂಟೆ ನಿಂತಿರಬೇಕು, ಆಗ ದರ್ಜಿಯಮ್ಮನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಸುತ್ತ ಅಷ್ಟು ಗದ್ದಲವಿದೆ, ತನ್ನ ಕಿವಿಯ ಹತ್ತಿರ ಮಾತ್ರ ಸದ್ದಿಲ್ಲ. ಪಟಾಕಿ ಮಾತಾಡುತ್ತಿಲ್ಲ. ಎಷ್ಟು ಹೊತ್ತಿನಿಂದ ಮಾತಾಡಿಲ್ಲ ಎಂಬುದೂ ಅವಳಿಗೆ ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಹುಡುಗಿಯ ಮುಖ ಬಿಳಿಚಿಕೊಂಡಿದೆ, ತುಟಿ ಒಣಗಿ ಬಿರಿದಿದೆ, ಕೈ ಮುಟ್ಟಿದರೆ ಬೆವರಿ ಅಂಟಂಟು. ಕೈಯಲ್ಲಿದ್ದ ಟ್ರಿಪ್ ಶೀಟ್ ಇಸಿದುಕೊಂಡು ನೋಡಿದಳು. ಮೊದಲ ಐದು ಗುರುತು ಚೌಕದ ಒಳಗೆ ಅಚ್ಚುಕಟ್ಟಾಗಿದ್ದವು. ಆರನೆಯದು ಗೆರೆಯ ಮೇಲೆ ಹೋಗಿತ್ತು. ಎಂಟನೆಯದು ಚೌಕವನ್ನೇ ಬಿಟ್ಟು ಹಾಳೆಯ ಅಂಚಿಗೆ ಜಾರಿತ್ತು.

ತಲೆ ನೋಯುತ್ತಿದೆಯಾ ಎಂದು ಕೇಳಿದಳು. ಹುಡುಗಿ ಹೂಂ ಎಂದಳು. ಕಾಲು ಸೆಳೆಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಎಂದೂ ಮೆಲ್ಲಗೆ ಹೇಳಿದಳು. ಮುಂದೆ ಐದೇ ಐದು ಜನ ಉಳಿದಿದ್ದರು.

"ಖುಷಿಗೆ ಹಾಗಾಗುತ್ತೆ ಕಣೇ," ಎಂದ ಗಂಡ. "ಇನ್ನೈದು ಜನ. ಒಂದು ಸುತ್ತು ತಿರುಗಿದರೆ ಸರಿಹೋಗ್ತಾಳೆ."

ಆ ಕ್ಷಣದಲ್ಲಿ ದರ್ಜಿಯಮ್ಮನ ಒಳಗೆ ಹದಿನಾಲ್ಕು ವರ್ಷದ ತಾಳ್ಮೆ ಮುಗಿದುಹೋಯಿತು. ಮಗಳನ್ನು ಸೊಂಟಕ್ಕೆ ಎತ್ತಿಕೊಂಡು, ಸರಪಳಿಯ ಅಡಿಯಲ್ಲಿ ನುಸುಳಿ, ಕೆಂಪು ಶಿಲುಬೆಯ ಗುರುತಿದ್ದ ಕೋಣೆಯ ಕಡೆಗೆ ನಡೆದಳು. ದಾರಿಯಲ್ಲೇ ಹುಡುಗಿ ಅವಳ ಹೆಗಲ ಮೇಲೆ ವಾಂತಿ ಮಾಡಿಕೊಂಡಳು. ಹಿಂದಿನಿಂದ ಗಂಡ ಓಡೋಡಿ ಬರುವ ಸದ್ದು ಕೇಳಿಸಿತು. ಓಡಿ ಬರಲಿ ಎಂದುಕೊಂಡಳು.

ಕೋಣೆಯಲ್ಲಿ ಒಬ್ಬ ನರ್ಸಮ್ಮ ಇದ್ದರು. ತಲೆ ನರೆತ, ಮಾತು ಕಡಿಮೆಯ ಹೆಂಗಸು. ಹುಡುಗಿಯನ್ನು ಮಂಚದ ಮೇಲೆ ಮಲಗಿಸಿ, ಶೂ ಸಾಕ್ಸು ಕಳಚಿ, ಕಾಲ ಕೆಳಗೆ ದಿಂಬು ಇಟ್ಟು, ಫ್ಯಾನು ತಿರುಗಿಸಿದರು. ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆ ಹಾಕಿದರು. ಹೆಸರೇನು, ಎಲ್ಲಿದ್ದೀಯಾ ಎಂದು ಕೇಳಿ, ಸರಿಯಾದ ಉತ್ತರ ಬಂದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಪುಡಿ ಪೂರ್ತಿ ಕಲಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸತೊಡಗಿದರು. ಆಮೇಲೆ ತಾಯಿಯ ಕಡೆ ತಿರುಗಿ, ಹುಡುಗಿ ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತು ಎಂದರು.

"ಬೆಳಿಗ್ಗೆ ಆರು ಗಂಟೆಗೆ."

ಆಗ ಗಂಟೆ ಎರಡು ದಾಟಿತ್ತು. ಲೆಕ್ಕ ಹಾಕಿ ಗಂಡ ನೆಲ ನೋಡಿದ. ಆದರೂ ಅಭ್ಯಾಸ ಬಿಡಬೇಕಲ್ಲ, ಒಂದು ಬಾಟಲಿ ಗ್ಲೂಕೋಸ್ ಏರಿಸಿಬಿಟ್ಟರೆ ಬೇಗ ಆಗುವುದಿಲ್ಲವೇ ಎಂದು ಕೇಳಿಯೇ ಕೇಳಿದ. ಹೆಂಡತಿ ಹಣೆ ಚಚ್ಚಿಕೊಂಡಳು.

ನರ್ಸಮ್ಮ ಚಮಚ ನಿಲ್ಲಿಸಲಿಲ್ಲ. "ಬಾಯಿಂದ ಕುಡಿಯೋ ಮಗುಗೆ ಸೂಜಿ ಯಾಕೆ ಯಜಮಾನ್ರೇ? ಸದ್ಯ ಇವರು ಬೇಗ ಕರ್ಕೊಂಡು ಬಂದ್ರು. ಇನ್ನೊಂದು ಗಂಟೆ ಬಿಸಿಲಲ್ಲೇ ನಿಲ್ಲಿಸಿದ್ರೆ ಮೈ ಕಾದು, ಏನೇನೋ ಬಡಬಡಿಸಿ, ಎಚ್ಚರ ತಪ್ಪೋದು. ಆಗ ಬಾಯಿಗೆ ನೀರೂ ಹಾಕೋ ಹಾಗಿಲ್ಲ, ಉಸಿರಿಗೆ ಸಿಕ್ಕಿಕೊಳ್ಳುತ್ತೆ. ಮೈಮೇಲೆ ನೀರು ಸುರಿದು ಆಂಬುಲೆನ್ಸಿಗೆ ಕಾಯಬೇಕಾಗಿತ್ತು. ಬಿಸಿಲು ಹೊಡೆದು ಜೀವ ಹೋಗುತ್ತೆ, ಗೊತ್ತಾ ನಿಮಗೆ?"

ಅವನು ಗೊತ್ತಿಲ್ಲ ಎಂದು ತಲೆಯಾಡಿಸಿದ. ನರ್ಸಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪಕ್ಕದಲ್ಲೇ ಶೌಚಾಲಯವಿದೆ, ಹೋಗಿ ಬಂದು ಮೂತ್ರದ ಬಣ್ಣ ಏನೆಂದು ಹೇಳಿ ಎಂದರು. ಅವನು ನಾಚಿಕೊಂಡೇ ಹೋದ. ಬಂದವನು ಬಾಗಿಲ ಬಳಿಯೇ ನಿಂತು, ಕಡು ಚಹಾದ ಹಾಗೆ ಎಂದು ಪಿಸುಗುಟ್ಟಿದ. ಒಣಹುಲ್ಲಿನ ತಿಳಿ ಬಣ್ಣವಿರಬೇಕು, ಅದಕ್ಕಿಂತ ಗಾಢವಾದರೆ ಒಡಲು ನೀರು ಕೇಳುತ್ತಿದೆ ಅಂತ ಅರ್ಥ ಎಂದು ಹೇಳಿ, ನರ್ಸಮ್ಮ ಅವನ ಕೈಗೂ ಒಂದು ದೊಡ್ಡ ಲೋಟ ನೀರು ಕೊಟ್ಟರು. ಅವನು ಆ ಲೋಟ ಹಿಡಿದುಕೊಂಡು ನಿಂತ. ಕುಡಿಯಲಿಲ್ಲ. ಅಷ್ಟಾದರೂ ಕುಡಿಯಲಿಲ್ಲ ನೋಡಿ.

ಅರ್ಧ ಗಂಟೆಯಾದ ಮೇಲೆ ಪಟಾಕಿಯ ಮುಖಕ್ಕೆ ಬಣ್ಣ ಬಂತು. ಕಣ್ಣು ಬಿಟ್ಟು ಅಮ್ಮನನ್ನು ನೋಡಿದಳು, ಆಮೇಲೆ ಅಪ್ಪನನ್ನು ಹುಡುಕಿದಳು. ಅವಳ ಮೊದಲ ಮಾತು ಅವನಿಗೇ.

"ಅಪ್ಪಾ, ನಾನು ಒಂದು ಸಲನೂ ಗಾಡಿ ನಿಲ್ಲಿಸಿ ಅನ್ನಲಿಲ್ಲ ಅಲ್ವಾ? ಹನ್ನೊಂದು ಗಂಟೆಯಿಂದ ತುಂಬಾ ಬಾಯಾರಿತ್ತು. ಆದ್ರೂ ಅನ್ನಲಿಲ್ಲ."

ಡ್ರೈವರ್ ಗೋಡೆಗೆ ಒರಗಿದ. ಹತ್ತು ವರ್ಷ ಒಂದೂ ಅಪಘಾತ ಮಾಡದವನು ಎಂದು ಬಹುಮಾನ ತಗೊಂಡವನು ಕೈಯಲ್ಲಿದ್ದ ಲೋಟವನ್ನು ನೋಡಿದ. ಮಗಳ ಪಕ್ಕ ಬಂದು ಕೂತು, ಅವಳ ಕಣ್ಣೆದುರಿಗೇ ಆ ಲೋಟದ ನೀರನ್ನು ಗಟಗಟ ಕುಡಿದ. ಇನ್ನೊಂದು ಕೇಳಿ ಅದನ್ನೂ ಕುಡಿದ.

"ತಪ್ಪು ಹೇಳಿಕೊಟ್ಟೆ ಮಗಳೇ. ಪ್ರಯಾಣಿಕರಿಗೆ ಬಾಯಾರಿದೆ ಅಂದ್ರೆ ಗಾಡಿ ನಿಲ್ಲಿಸೋದೇ ಕಂಡಕ್ಟರ್ ಕೆಲಸ."

ದರ್ಜಿಯಮ್ಮ ಇದನ್ನೇ ಹದಿನಾಲ್ಕು ವರ್ಷದಿಂದ ಹೇಳುತ್ತಾ ಬಂದಿದ್ದಳು. ಈಗ ಆಡಿ ತೋರಿಸಬೇಕು ಎಂದು ನಾಲಿಗೆಯ ತುದಿಗೆ ಬಂತು. ಮಂಚದ ಮೇಲಿದ್ದ ಮಗಳನ್ನು ನೋಡಿ ನುಂಗಿಕೊಂಡಳು. ಮನೆಗೆ ಹೋದ ಮೇಲೆ ಹೇಳಿದರಾಯಿತು, ಸಾವಕಾಶವಾಗಿ, ಬಿಡಿಸಿ ಬಿಡಿಸಿ.

ಇವತ್ತು ಇನ್ನು ಆಟ ಬೇಡ, ಮನೆಗೆ ಹೋಗಿ ಮಲಗಿಸಿ, ರಾತ್ರಿಯವರೆಗೂ ಆಗಾಗ ಕುಡಿಸುತ್ತಿರಿ, ಮತ್ತೆ ವಾಂತಿಯಾದರೆ ಅಥವಾ ಮಂಕಾದರೆ ಆಸ್ಪತ್ರೆಗೆ ಹೋಗಿ ಎಂದು ನರ್ಸಮ್ಮ ಕಳಿಸಿದರು. ಗೇಟಿನ ಕಡೆ ನಡೆಯುವಾಗ ರೋಲರ್ ಕೋಸ್ಟರಿನ ಕೂಗು ತಲೆಯ ಮೇಲಿಂದ ಹಾದುಹೋಯಿತು. ಪಟಾಕಿ ಕತ್ತೆತ್ತಿ, ಅದು ಕಣ್ಮರೆಯಾಗುವವರೆಗೂ ನೋಡಿದಳು. ಅವಳ ಹಾಳೆಯಲ್ಲಿ ಆ ಚೌಕ ಖಾಲಿಯೇ ಉಳಿಯಿತು. ಅಪ್ಪ ಅದನ್ನು ಮಡಚಿ ತನ್ನ ಜೇಬಿನಲ್ಲಿಟ್ಟುಕೊಂಡ.

ಈಗ ಅವನ ಬಸ್ಸಿನ ಸ್ಟೀರಿಂಗಿನ ಪಕ್ಕ ಎರಡು ಲೀಟರಿನ ಬಾಟಲಿಯೊಂದಿದೆ. ಅದಕ್ಕೆ ದರ್ಜಿಯಮ್ಮ ಮೇಲಿಂದ ಕೆಳಗೆ ಮೂರು ಕಡೆ ಕೆಂಪು ದಾರ ಸುತ್ತಿ ಬಿಗಿದಿದ್ದಾಳೆ. ಒಂದೊಂದು ಊರು ಬರುವಷ್ಟರಲ್ಲಿ ನೀರು ಒಂದೊಂದು ದಾರದ ಕೆಳಗೆ ಇಳಿದಿರಬೇಕು. ಡಿಪೋದವರ ಒಪ್ಪಿಗೆ ಪಡೆದು, ಮಧ್ಯೆ ಎರಡು ಕಡೆ ಐದೈದು ನಿಮಿಷ ಗಾಡಿ ನಿಲ್ಲಿಸುತ್ತಾನೆ. ಗೊಣಗುತ್ತಾರೆ ಎಂದುಕೊಂಡಿದ್ದ ಪ್ರಯಾಣಿಕರೇ ಮೊದಲು ಇಳಿದು ಓಡುತ್ತಾರಂತೆ, ಪಾಪ ಅವರೂ ಇಷ್ಟು ವರ್ಷ ಹಲ್ಲು ಕಚ್ಚಿ ಕೂತಿದ್ದರು. ಅವನು ಮನೆಗೆ ಬಂದ ಕೂಡಲೇ ಪಟಾಕಿ ಬಾಟಲಿ ಪರೀಕ್ಷೆ ಮಾಡುತ್ತಾಳೆ. ನೀರು ಉಳಿದಿದ್ದರೆ ಅವನಿಗೆ ಊಟವಿಲ್ಲ.

ಇಷ್ಟು ಓದಿದಿರಲ್ಲ, ನಿಮಗೂ ಎರಡು ಮಾತು. ಪಾರ್ಕಿಗೋ ಸಂತೆಗೋ ಮದುವೆಗೋ, ಬಿಸಿಲಿನಲ್ಲಿ ಎಲ್ಲಿಗೇ ಹೊರಡಿ, ನೀರಿನ ಬಾಟಲಿ ಲಗೇಜಲ್ಲ, ಅದನ್ನು ಕೈಯಲ್ಲೇ ಇಟ್ಟುಕೊಳ್ಳಿ. ಬಾಯಾರಿದಾಗ ಬಾವಿ ತೋಡಲು ಹೋಗಬೇಡಿ. ಬಾಯಾರುವ ಮೊದಲೇ, ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಿರಿ, ಮಕ್ಕಳಿಗೂ ಮುದುಕರಿಗೂ ಅವರು ಕೇಳದಿದ್ದರೂ ಕುಡಿಸಿರಿ. ಶೌಚಾಲಯದ ಸಾಲು ಉದ್ದವಿದ್ದರೆ ಇರಲಿ, ನಿಲ್ಲಿ. ತಲೆನೋವು, ಸುಸ್ತು, ಕಾಲಿನ ಸೆಳೆತ, ಹೊಟ್ಟೆ ತೊಳಸುವುದು, ಇವು ಕಂಡರೆ ಆಟ ಅಲ್ಲಿಗೇ ಬಿಟ್ಟು ನೆರಳಿಗೆ ಬನ್ನಿ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಅಂಚಿಗೆ ಸಮನಾಗಿ ಸವರಿದ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಕಲಸಿ. ಅಳತೆ ಮೀರಬೇಡಿ. ಮಾತು ತಡವರಿಸಿದರೆ, ಎಚ್ಚರ ತಪ್ಪಿದರೆ ಒಂದು ನಿಮಿಷವೂ ಕಾಯದೆ ಆಂಬುಲೆನ್ಸ್ ಕರೆಯಿರಿ.

ಮತ್ತೆ, ನಿಮ್ಮ ಮನೆಯ ಪಟಾಕಿ ಇದ್ದಕ್ಕಿದ್ದಂತೆ ಸುಮ್ಮನಾದರೆ, ಎಷ್ಟು ಒಳ್ಳೆಯ ಮಗು ಎಂದುಕೊಳ್ಳಬೇಡಿ. ಮೊದಲು ನೀರು ಕೊಡಿ. ನುಂಗುವುದನ್ನು ನಿಂತು ನೋಡಿ.