ಎಳ್ಳು ತಿಂದ ಮೇಲಿನ ಮಾತು

ಸಂಕ್ರಾಂತಿ ಮುಗಿದು ತಿಂಗಳಾದ ಮೇಲೆ ಅಮೆರಿಕದ ಟೆಕ್ಸಸ್ಸಿನ ಕಾಪೆಲ್‌ನ ಕನ್ನಡದವರಿಗೆ ಸಂಕ್ರಾಂತಿ ಬಂತು. ಸೂರ್ಯ ಯಾವಾಗ ಬೇಕಾದರೂ ಪಥ ಬದಲಿಸಲಿ, ಹಾಲ್ ಸಿಗಬೇಕಲ್ಲ. ಸಿಕ್ಕಿದ್ದು ಫೆಬ್ರವರಿಯಲ್ಲಿ. ಆಕಾಶ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿ ವಾರಗಳಾಗಿದ್ದವು. ಮನೆಮನೆಯ ಮುಂದಿನ ಹುಲ್ಲು ತೆಂಗಿನ ನಾರಾಗಿತ್ತು.

ರಂಜನಿ ಹತ್ತಿರದ ಪ್ಲೇನೋ ಊರಿನ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದಳು. ತಪ್ಪು ಮಾಡಿದ್ದಕ್ಕಲ್ಲ, ಕೆಲಸದ ಪರ್ಮಿಟ್ಟು ಸಮಯಕ್ಕೆ ನವೀಕರಣವಾಗಲಿಲ್ಲ, ಅಷ್ಟೇ. ಮೊದಮೊದಲು ಸಿಟ್ಟಿತ್ತು. ಸಿಟ್ಟಾದರೂ ಒಂದು ಕೆಲಸ. ಜನವರಿ ಕಳೆಯುವಷ್ಟರಲ್ಲಿ ಅದೂ ಅವಳನ್ನು ಬಿಟ್ಟುಹೋಯಿತು. ಹೀಟರಿನ ಗುಂಯ್ ಸದ್ದು ಕೇಳುತ್ತ ಸೋಫಾದ ಮೇಲೆ ಬಿದ್ದಿರುವುದೊಂದೇ ಉಳಿಯಿತು. ಏನೂ ಅನ್ನಿಸುತ್ತಿಲ್ಲ, ಡಾಕ್ಟರ ಹತ್ತಿರ ಹೋಗಬೇಕು ಎಂದು ಗಂಡ ಕೃಷ್ಣಚೈತನ್ಯನಿಗೆ ಹೇಳಿದ್ದಳು. ಚಳಿಗಾಲದಲ್ಲಿ ಎಲ್ಲರಿಗೂ ಹೀಗೇ, ಬಿಸಿಲು ಬಿದ್ದರೆ ಸರಿಹೋಗುತ್ತದೆ ಎಂದಿದ್ದ. ಹೆಂಡತಿ ತಾನಾಗೇ ಬ್ರೇಕ್ ತೆಗೆದುಕೊಂಡಿದ್ದಾಳೆ ಎಂದು ಊರಿಗೆಲ್ಲ ಹೇಳಿಯೂ ಇದ್ದ.

ಹಾಲ್ ಮುಂದೆ ಕಾರು ನಿಲ್ಲಿಸಿ ಮತ್ತೊಮ್ಮೆ ನೆನಪಿಸಿದ. "ಯಾರಾದ್ರೂ ಕೇಳಿದ್ರೆ ಚೆನ್ನಾಗಿದೀನಿ ಅನ್ನು. ಜಾಸ್ತಿ ಮಾತು ಬೇಡ."

ಇಡೀ ಊರು ಅದನ್ನೇ ಹೇಳುತ್ತಿತ್ತು. ಕೆಲಸ ಹೋಗುವ ಸುದ್ದಿ ಕಿವಿಗೆ ಬಿದ್ದವರು ಹೇಳುತ್ತಿದ್ದರು, ಗಂಟುಮೂಟೆ ಕಟ್ಟಿ ಹ್ಯೂಸ್ಟನ್‌ಗೋ ಆಸ್ಟಿನ್‌ಗೋ ಹೊರಟವರೂ ಹೇಳುತ್ತಿದ್ದರು. ಚೆನ್ನಾಗಿದೀವಿ. ಚೆನ್ನಾಗಿಲ್ಲದವರಿಗೆ ಇಲ್ಲಿ ಜಾಗವಿಲ್ಲ ಎಂಬ ಭಯಕ್ಕೆ ಅದು ಇನ್ನೊಂದು ಹೆಸರು.

ಬಾಗಿಲಲ್ಲಿ ಅಲಮೇಲು ಆಂಟಿ ಎಳ್ಳು ಬೀರುತ್ತಿದ್ದರು. ರೇಷ್ಮೆ ಸೀರೆ, ಮೇಲೆ ಮಗನ ಜಾಕೆಟ್ಟು. ಯಾವ ಹಬ್ಬವಾದರೂ ಅಡುಗೆಮನೆ ಅವರದೇ, ಗದರಿಕೆಯೂ ಅವರದೇ. ಮೈಸೂರಿಂದ ತಂದ ಮರದ ಅಚ್ಚಿನಲ್ಲಿ ಅವರೇ ಎರೆದ ಸಕ್ಕರೆ ಗಿಣಿಯೊಂದು ರಂಜನಿಯ ಪಾಲಿಗೆ ಬಂತು. ಕೊಕ್ಕು ಮುರಿದಿತ್ತು.

"ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು."

ರಂಜನಿ ಮುರಿದ ಕೊಕ್ಕನ್ನು ಬೆರಳಿನಿಂದ ಸವರಿದಳು. ಹಿಂದೆ ಸಾಲು ಬೆಳೆಯಿತು.

"ಒಳ್ಳೆ ಮಾತು ಬರ್ದಿದ್ರೆ ಸುಳ್ಳಾದ್ರೂ ಹೇಳೇ, ಹಬ್ಬ ಕಣೇ," ಎಂದು ಆಂಟಿ ನಕ್ಕರು.

"ಸುಳ್ಳು ಹೇಳಿ ಹೇಳಿ ಸಾಕಾಗಿದೆ ಆಂಟಿ." ದನಿ ಏರಲಿಲ್ಲ, ನಡುಗಲೂ ಇಲ್ಲ. ಬೇರೆ ಯಾರದೋ ವಿಷಯ ಹೇಳುವವಳಂತೆ ಹೇಳಿದಳು. "ಎದ್ದು ಹಲ್ಲುಜ್ಜೋಕೂ ಆಗ್ತಿಲ್ಲ. ನಂಗೆ ಡಾಕ್ಟರ್ ಬೇಕು. ಚೈತನ್ಯ ಬೇಡ ಅಂತಾನೆ."

ಸಾಲಿನಲ್ಲಿ ಯಾರೋ ವಿಟಮಿನ್ ಡಿ ಎಂದರು. ಇನ್ಯಾರೋ ಬೆಳಗಿನ ವಾಕಿಂಗ್ ಎಂದರು. ಇವಳು ತಮಾಷೆ ಮಾಡುತ್ತಾಳೆ ಎಂದು ಚೈತನ್ಯ ಹಲ್ಲುಕಿರಿದು, ಮೊಣಕೈ ಹಿಡಿದು ಅವಳನ್ನು ಕಾರಿಗೆ ವಾಪಸ್ಸು ಕರೆತಂದ. ಆಂಟಿಯ ಕೈ ಮಾತ್ರ ಎಳ್ಳಿನ ಡಬ್ಬಿಯಲ್ಲೇ ನಿಂತಿತ್ತು.

ಕಾರಿನಲ್ಲಿ ಕೂತು ಬಾಗಿಲು ಎಳೆದುಕೊಂಡ. "ಎಲ್ಲರ ಮುಂದೆ ಹೇಳೋ ಮಾತಾ ಅದು?"

"ಮನೇಲಿ ಹೇಳಿದ್ದೆ. ನೀನು ಕೇಳಿಸ್ಕೊಳ್ಲಿಲ್ಲ."

ಕಿಟಕಿ ಬಡಿದ ಸದ್ದಾಯಿತು. ಅಲಮೇಲು ಆಂಟಿ. ಜಾಕೆಟ್ಟಿಲ್ಲ, ಕೈಯಲ್ಲಿ ಎಳ್ಳಿನ ಸ್ಟೀಲ್ ಡಬ್ಬಿ ಹಾಗೇ ಇದೆ. ಸಾಲನ್ನು ಅರ್ಧಕ್ಕೆ ಬಿಟ್ಟು ಬಂದಿದ್ದರು. ರಂಜನಿ ಗಾಜು ಇಳಿಸಿದಳು.

"ಸೋಮವಾರ ಡಾಕ್ಟರ್ ಹತ್ರ ನಾನು ಕರ್ಕೊಂಡು ಹೋಗ್ತೀನಿ," ಎಂದರು ಆಂಟಿ. ಆಮೇಲೆ ಚೈತನ್ಯನ ಕಡೆ ಬಗ್ಗಿದರು. "ನಿನ್ನ ಪರ್ಮಿಷನ್ ಕೇಳ್ತಿಲ್ಲಪ್ಪ."

ಅವನು ಕಾರು ಸ್ಟಾರ್ಟ್ ಮಾಡಿದ. ಆಂಟಿ ನಡುಗುತ್ತ ಹಿಂತಿರುಗಿ ಹೋದರು.

ರಂಜನಿಗೆ ಅಳು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಗಿಣಿಯನ್ನು ಬಾಯಿಗೆ ಹಾಕಿಕೊಂಡಳು. ಸಿಹಿ ಇರಬೇಕು, ಗೊತ್ತಾಗಲಿಲ್ಲ. ಚಳಿ ಬರುತ್ತಿದೆ, ಗಾಜು ಏರಿಸು ಎಂದ ಚೈತನ್ಯ. ಅವಳು ಏರಿಸಲಿಲ್ಲ. ಮನೆ ತಲುಪುವವರೆಗೂ ಏರಿಸಲಿಲ್ಲ.