ಹಳೇ ಕಡ್ಡಿಯ ಹೂ

ದೊಡ್ಡಮ್ಮನ ಕಣ್ಣು ಮಂಜಾಗುತ್ತಿದ್ದ ವರ್ಷವೇ ನಾನು ಅವಳ ಹೈಡ್ರಾಂಜಿಯಾ ಗಿಡವನ್ನು ಕತ್ತರಿಸಿಬಿಟ್ಟೆ.

ರವಿಕೆ ಹೊಲಿದು ನನ್ನನ್ನು ಸಾಕಿ, ಓದಿಸಿದವಳು ಅವಳು. ಹಿತ್ತಿಲಿನ ಆ ಒಂದೇ ಗಿಡದ ಬುಡಕ್ಕೆ ಪಟಿಕದ ನೀರು ಹುಯ್ದು ಹುಯ್ದು, ಗುಲಾಬಿ ಬಣ್ಣದ ಹೂವನ್ನು ನೀಲಿಗೆ ತಿರುಗಿಸಿದ್ದಳು. ಮಳೆಗಾಲದ ಹೊತ್ತಿಗೆ ಪೂರ್ತಿ ಕತ್ತಲೆ ಎಂದು ಕಣ್ಣಿನ ಡಾಕ್ಟರು ಹೇಳಿದಾಗ ನಕ್ಕಿದ್ದಳು. "ಅಷ್ಟರೊಳಗೆ ಹೂ ಬಿಡುತ್ತೆ ಬಿಡಿ ಡಾಕ್ಟ್ರೇ. ಅದೊಂದನ್ನ ನೋಡ್ಕೊಂಡು ಅಂಗಡಿ ಮುಚ್ತೀನಿ."

ಚಳಿ ಮುಗಿಯುವಾಗ ಗಿಡ ಎಲೆಯುದುರಿಸಿ ಪೊರಕೆಯಂತೆ ನಿಂತಿತ್ತು. ನಾನು ಸಸ್ಯಶಾಸ್ತ್ರದ ಪದವೀಧರೆ. ಗುಲಾಬಿಯನ್ನು ಗಿಡ್ಡಗೆ ಕತ್ತರಿಸಿದಷ್ಟೂ ಹೂ ಜಾಸ್ತಿ ಎಂದು ಬಲ್ಲವಳು. ಅವಳು ಮಧ್ಯಾಹ್ನ ಮಲಗಿದ್ದಾಗ ಇದನ್ನೂ ಹಾಗೇ ಗೇಣುದ್ದಕ್ಕೆ ಕತ್ತರಿಸಿದೆ. ಅವಳಿಗೆ ಖುಷಿಯಾಗಲಿ ಅಂತ.

ಸಂಜೆ ಅವಳು ಬಗ್ಗಿ, ಹೊಲಿಗೆ ಪರೀಕ್ಷಿಸುವಂತೆ ಒಂದೊಂದೇ ಕಡ್ಡಿ ಸವರಿದಳು.

"ತುದಿ ಮೊಗ್ಗೆಲ್ಲ ಎಲ್ಲೋಯ್ತೇ?"

"ಮೊಗ್ಗಾ? ಬರೀ ಒಣಕಡ್ಡಿ ಇತ್ತಲ್ಲ ದೊಡ್ಡಮ್ಮ..."

"ಇದು ಹಳೇ ಕಡ್ಡೀಲೇ ಹೂ ಬಿಡೋದು ಕಣೇ. ಹೋದ ವರ್ಷವೇ ಮೊಗ್ಗು ಕಟ್ಟಿಟ್ಕೊಂಡಿರುತ್ತೆ." ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನಿಂಗೆ ಓದೇ ಮುಕ್ಕಾಲಾಗೋಯ್ತು ನೋಡು."

ನಾನು ಅಳುತ್ತಿದ್ದುದನ್ನು ಕಂಡಳೋ, ಕೇಳಿಸಿಕೊಂಡಳೋ. "ಹೋಗ್ಲಿ ಬಿಡು, ಬರೋ ವರ್ಷ ನೋಡಿದ್ರಾಯ್ತು" ಅಂದಳು. ಅಂದದ್ದು ಏನೆಂದು ಇಬ್ಬರಿಗೂ ಹೊಳೆಯಿತು. ಇಬ್ಬರೂ ಒಳಗೆ ಬಂದೆವು.

ಕಸದ ಗುಡ್ಡೆ ಕೆದಕಿ ಕಡ್ಡಿಗಳನ್ನು ಆಯ್ದು ಬಾಟಲಿಯಲ್ಲಿ ನೀರಿಗಿಟ್ಟೆ. ಮೊಗ್ಗುಗಳು ಹಸಿರು ಅಕ್ಕಿಕಾಳಿನಷ್ಟು ಉಬ್ಬಿ, ಕಪ್ಪಾಗಿ ಉದುರಿದವು.

ಆ ಬೇಸಿಗೆ ಗಿಡದ ತುಂಬ ಎಲೆ, ಎಲೆ, ಎಲೆ. ಮಳೆ ಹಿಡಿದ ವಾರ ದೊಡ್ಡಮ್ಮ ಬಿಳಿ ರವಿಕೆಯೊಂದನ್ನು ಕಪ್ಪು ದಾರದಲ್ಲಿ ಹೊಲಿದು ಮುಗಿಸಿದಳು. ಅವತ್ತೇ ಮಿಷನ್ನಿಗೆ ಮುಸುಕು ಹಾಕಿದೆವು.

ಮುಂದಿನ ವರ್ಷ ನಾನು ಕತ್ತರಿ ಮುಟ್ಟಲಿಲ್ಲ. ಪಟಿಕದ ನೀರು ತಪ್ಪಿಸಲಿಲ್ಲ. ಗಿಡ ಕಾಣದಷ್ಟು ಹೂ ಬಿಟ್ಟಿತು. ಆ ನೀಲಿಯನ್ನು ಹೇಗೆ ಹೇಳುವುದೆಂದು ಡೈರಿಯಲ್ಲಿ ಎರಡು ಪುಟ ಬರೆದು ಹೊಡೆದುಹಾಕಿ, ಮತ್ತೆ ಬರೆದು ಬಾಯಿಪಾಠ ಮಾಡಿಕೊಂಡೆ. ಆಮೇಲೆ ಅವಳ ಕೈ ಹಿಡಿದು ಕರೆದೊಯ್ದೆ.

ಒಂದು ಗೊಂಚಲನ್ನು ಮಗುವಿನ ಮುಖದಂತೆ ಎರಡೂ ಅಂಗೈಯಲ್ಲಿ ಹಿಡಿದಳು. "ಎಷ್ಟು ತುಂಬ್ಕೊಂಡಿದೆಯಲ್ಲೇ!" ಇರುವೆ ಹತ್ತಿದೆಯಾ ಎಂದು ಕೇಳಿದಳು. ಕೊಂಬೆ ಬಾಗಿದೆಯಾ, ಊರುಗೋಲು ಬೇಕಾ ಎಂದು ಕೇಳಿದಳು.

ಬಣ್ಣ ಮಾತ್ರ ಕೇಳಲಿಲ್ಲ.

"ಒಳಗೆ ಹೋಗೋಣ ಬಾ," ಅಂದಳು. "ಹೋದ ವರ್ಷದ್ದನ್ನ ಇನ್ನೂ ಹೊತ್ಕೊಂಡಿದೀಯಲ್ಲೇ."